ಅಪ್ಪ ಕೂಡಿಟ್ಟ 1983, ಅಮ್ಮ ಕೊಯ್ದಿಟ್ಟ ಹಾಳೆ: ಒಂದು ಬೈಂಡಿಂಗ್ ಕೆಲಸದ ಬಗ್ಗೆ

ಹಳೇ ವಾರಪತ್ರಿಕೆಗಳನ್ನು ಬೈಂಡ್ ಮಾಡಿಸಿದೆ, ಎರಡು ಸಂಪುಟ. ಒಂದೊಂದಕ್ಕೆ 450 ರೂಪಾಯಿ. 10 ದಿನ ಸಾಕು ಎಂದು ಬೈಂಡರ್ ಹೇಳಿದ್ದರು, 24 ದಿನ ಹಿಡಿಯಿತು. ಹೊಲಿಗೆ ತುಂಬಾ ಚೆನ್ನಾಗಿದೆ. ಅಂಚು ಕತ್ತರಿಸುವಾಗ ಒಂದು ತಪ್ಪಾಗಿದೆ, ಸಂಚಿಕೆ ಜೋಡಿಸುವಾಗ ಇನ್ನೊಂದು. ಆದರೂ ಮುಂದಿನ ಕಟ್ಟನ್ನು ಅವರ ಕೈಗೇ ಕೊಡುತ್ತೇನೆ. ಯಾಕೆ ಅಂತ ಹೇಳಲು ಸ್ವಲ್ಪ ಜಾಸ್ತಿ ಜಾಗ ಬೇಕು.

ಬೈಂಡ್ ಮಾಡಿಸಿದ್ದು 1983ರ ವಾರಪತ್ರಿಕೆಗಳನ್ನು. ಅಪ್ಪ ಅರಸೀಕೆರೆಯಲ್ಲಿ ರೈಲ್ವೆ ಗೂಡ್ಸ್ ಆಫೀಸಿನ ಗುಮಾಸ್ತರಾಗಿದ್ದರು. ಪತ್ರಿಕೆ ರೈಲಿನಲ್ಲಿ ಬರುತ್ತಿತ್ತು. ಸ್ಟೇಷನ್ನಿನಲ್ಲೇ ಕೊಂಡು ಕೈಚೀಲದಲ್ಲಿ ಹಾಕಿಕೊಂಡು ಮನೆಗೆ ತರುತ್ತಿದ್ದರು. ಮೊದಲು ಓದುವುದು ಅಮ್ಮ. ಅವರ ಧಾರಾವಾಹಿ ಮುಗಿದ ಮೇಲೆ ನಮ್ಮ ಸರದಿ. ಮನೆಯವರೆಲ್ಲ ಓದಿ ಆದಮೇಲೆ ಅಮ್ಮ ಬ್ಲೇಡು ತಗೊಂಡು ಧಾರಾವಾಹಿಯ ಹಾಳೆಗಳನ್ನಷ್ಟೇ ಕೊಯ್ದು ಎತ್ತಿಡುತ್ತಿದ್ದರು. ಕಾದಂಬರಿ ಮುಗಿದ ವಾರ ದಬ್ಬಣದಲ್ಲಿ ತೂತು ಮಾಡಿ, ದಪ್ಪ ದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ಹಾಳೆ ಹೊದಿಸಿ ಪುಸ್ತಕ ಮಾಡುತ್ತಿದ್ದರು. ಆಗ ಎಷ್ಟೋ ಮನೆಗಳಲ್ಲಿ ಹೀಗೆ ಮಾಡುತ್ತಿದ್ದರು. ಕಾದಂಬರಿ ಕೊಂಡು ಓದುವಷ್ಟು ದುಡ್ಡು ಎಲ್ಲರ ಹತ್ತಿರ ಇರುತ್ತಿರಲಿಲ್ಲ. ಉಳಿದ ಪತ್ರಿಕೆಯನ್ನು ಅಪ್ಪ ತಾರೀಕಿನ ಪ್ರಕಾರ ಜೋಡಿಸಿ, ವರ್ಷದ ಕೊನೆಗೆ ಸೆಣಬಿನ ಹುರಿಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕುತ್ತಿದ್ದರು.

ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಅರಸೀಕೆರೆ ಮನೆ ಖಾಲಿ ಮಾಡುವಾಗ ಅಟ್ಟದಿಂದ ಕಟ್ಟುಗಳು ಇಳಿದವು. ಬಹುಪಾಲು ಗೆದ್ದಲ ಪಾಲಾಗಿತ್ತು. 1983 ಮತ್ತು 1984 ಮಾತ್ರ ಉಳಿದಿದ್ದವು, ಅವು ಗೋಡೆಗೆ ತಾಗದ ಕಡೆ ಇದ್ದವು. 1983ರಲ್ಲಿ 52 ಭಾನುವಾರ. ಕಟ್ಟಿನಲ್ಲಿ 47 ಸಂಚಿಕೆ ಇದ್ದವು. ಉಳಿದ ಐದು ಯಾರೋ ಓದಲು ಇಸಕೊಂಡು ಹೋಗಿ ವಾಪಸ್ ಬಂದಿರಲಿಕ್ಕಿಲ್ಲ.

ಈಗ ನಾವಿರುವುದು ಮೈಸೂರಿನಲ್ಲಿ. ಮೊದಲು ಹೋದ ಅಂಗಡಿಯಲ್ಲಿ ಕಟ್ಟನ್ನು ಬಿಚ್ಚಿಯೂ ನೋಡಲಿಲ್ಲ. ಬೆನ್ನು ಕತ್ತರಿಸಿ, ಗಮ್ ಹಾಕಿ, ನಾಳೆ ಸಂಜೆ ಕೊಡುತ್ತೇವೆ ಎಂದರು. ಜಾಹೀರಾತಿನ ಪುಟ ಕಿತ್ತರೆ ದಪ್ಪ ಕಡಿಮೆಯಾಗಿ ಒಂದೇ ಸಂಪುಟದಲ್ಲಿ ಮುಗಿಯುತ್ತದಂತೆ. ಕಟ್ಟು ಎತ್ತಿಕೊಂಡು ಹೊರಗೆ ಬಂದೆ.

ಎರಡನೆಯದು ಸಂತೆಪೇಟೆಯ ಒಂದು ಓಣಿಯಲ್ಲಿ, ಮೆಟ್ಟಿಲ ಕೆಳಗಿನ ಸಣ್ಣ ಜಾಗ. ಯಜಮಾನರಿಗೆ ಎಪ್ಪತ್ತರ ಮೇಲಿರಬೇಕು. ಹುರಿ ಬಿಚ್ಚಿದರು. ಮೇಲಿನ ಸಂಚಿಕೆಯ ಒಂದು ಮೂಲೆಯನ್ನು ಮೆಲ್ಲಗೆ ಮಡಿಸಿ ನೋಡಿದರು, ಹಾಳೆ ಮುರಿಯುತ್ತದಾ ಅಂತ. ಆಮೇಲೆ ಕೇಳಿದರು: "ಇದನ್ನ ಓದೋಕಾ ಅಮ್ಮಾ, ಇಡೋಕಾ?"

ಓದೋಕೆ ಎಂದೆ.

"ಹಾಗಾದ್ರೆ ಗಮ್ ಬೇಡ. ದಾರ ಹಾಕೋಣ. ಪೂರ್ತಿ ಬಿಚ್ಕೊಳ್ಳುತ್ತೆ. ಜಾಹೀರಾತು ತೆಗೀಲಾ, ಇರ್ಲಾ?"

"ಒಂದೂ ತೆಗೀಬೇಡಿ."

"ಒಳ್ಳೇದು" ಎಂದರು. 300 ರೂಪಾಯಿ ಮುಂಗಡ ಕೊಟ್ಟು ಬಂದೆ.

ಅವರು ಮಾಡಿದ ಕೆಲಸ ಹೀಗಿದೆ. ಪ್ರತಿ ಸಂಚಿಕೆಯ ನಡುವಿನ ತುಕ್ಕು ಹಿಡಿದ ಪಿನ್ನುಗಳನ್ನು ಒಂದೊಂದಾಗಿ ಬಿಡಿಸಿದ್ದಾರೆ. ಪಿನ್ನು ಬಿಟ್ಟರೆ ತುಕ್ಕು ಹರಡಿ ಹಾಳೆ ಅಲ್ಲೇ ತೂತು ಬೀಳುತ್ತದಂತೆ. ಒಂದೊಂದು ಸಂಚಿಕೆಯನ್ನೂ ಮಡಿಕೆಯ ಮೂಲಕವೇ ದಾರ ಹಾಯಿಸಿ ಹೊಲಿದು, ಮುಂದಿನದಕ್ಕೆ ಸೇರಿಸಿದ್ದಾರೆ. ಮೇಲೆ ರಟ್ಟು, ಬೆನ್ನಿಗೆ ಕಡು ನೀಲಿ ಕ್ಯಾಲಿಕೋ ಬಟ್ಟೆ, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರದಲ್ಲಿ 1983. ಅಂಟು ಮನೆಯಲ್ಲೇ ಕಾಯಿಸಿದ ಮೈದಾ ಅಂಟು. ಹುಳ ಬೀಳದ ಹಾಗೆ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ.

ನನಗೆ ತುಂಬಾ ಇಷ್ಟವಾದದ್ದು ಬೇರೆ. ಅಮ್ಮ ಒಂದು ಹಾಳೆ ಕೊಯ್ದರೆ, ಮಡಿಕೆಯ ಆಚೆ ಬದಿಗಿರುವ ಜೊತೆ ಹಾಳೆ ಒಂಟಿಯಾಗುತ್ತದೆ. ಅದಕ್ಕೆ ಹೊಲಿಗೆ ಹಾಕಲು ಮಡಿಕೆಯೇ ಇರುವುದಿಲ್ಲ. ಅಂಥ ಒಂಟಿ ಹಾಳೆಗಳು ಪ್ರತಿ ಸಂಚಿಕೆಯಲ್ಲೂ ಎರಡು ಮೂರು. ಎಲ್ಲಕ್ಕೂ ಬೆರಳಗಲದ ಬಿಳಿ ಕಾಗದದ ಪಟ್ಟಿ ಅಂಟಿಸಿ, ಆ ಪಟ್ಟಿಯನ್ನು ಮಡಿಸಿ, ಅದರ ಮೇಲೆ ಹೊಲಿದಿದ್ದಾರೆ. ನೂರಕ್ಕೂ ಜಾಸ್ತಿ ಪಟ್ಟಿಗಳು. ನಾನು ಕೇಳಿರಲಿಲ್ಲ. ತಡವಾಗಿದ್ದು ಇದಕ್ಕೇ. ಫೋನಿನಲ್ಲಿ ನಾನು ಸ್ವಲ್ಪ ಬಿರುಸಾಗಿ ಮಾತಾಡಿದ್ದೆ. ಸಂಪುಟ ನೋಡಿದ ಮೇಲೆ ಹೋಗಿ ಕ್ಷಮೆ ಕೇಳಿದೆ.

ಇನ್ನು ಓದಿದ್ದರ ವಿಷಯ.

1983 ಅಂದರೆ ನಮಗೆಲ್ಲ ಎರಡು ಚಿತ್ರ ತಟ್ಟನೆ ನೆನಪಾಗುತ್ತವೆ. ಕಪಿಲ್ ದೇವ್ ಕೈಯಲ್ಲಿ ವಿಶ್ವಕಪ್. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. ನಾನಾಗ 11 ವರ್ಷದವಳು. ನನ್ನ ನೆನಪಿನಲ್ಲೂ ಅಷ್ಟೇ ಇತ್ತು. ವಾರ ವಾರ ಪುಟ ತಿರುವುತ್ತಾ ಹೋದರೆ ಆ ವರ್ಷ ಬೇರೆಯಾಗಿ ಕಾಣುತ್ತದೆ. ಅಲ್ಲಿ ಯಾರಿಗೂ ಮುಂದೆ ಏನಾಗುತ್ತದೆ ಎಂದು ಗೊತ್ತಿಲ್ಲ.

ಜನವರಿಯ ಮೊದಲ ಎರಡು ಸಂಚಿಕೆಗಳಲ್ಲಿ ಗುಂಡೂರಾವ್ ಇನ್ನೂ ಮುಖ್ಯಮಂತ್ರಿ. ಮತದಾನ ನಡೆದದ್ದು ಜನವರಿ 5ರಂದು. ವಾರಪತ್ರಿಕೆ ಮೊದಲೇ ಅಚ್ಚಾಗಿರುತ್ತದಲ್ವಾ, ಹಾಗಾಗಿ 9ನೇ ತಾರೀಕಿನ ಸಂಚಿಕೆಗೆ ಫಲಿತಾಂಶ ಗೊತ್ತಿಲ್ಲ. ಅದು ಎಲ್ಲರ ಮನೆಗೆ ತಲುಪಿ ಓದಿ ಮುಗಿಯುವ ಹೊತ್ತಿಗೆ ಗುಂಡೂರಾವ್ ಸೋಮವಾರಪೇಟೆಯಲ್ಲಿ ತಾವೇ ಸೋತಿದ್ದರು. 224ರಲ್ಲಿ ಜನತಾ ಪಕ್ಷ ಮತ್ತು ಕ್ರಾಂತಿರಂಗದ ಕೂಟಕ್ಕೆ 95, ಕಾಂಗ್ರೆಸ್ಸಿಗೆ 82, ಬಿಜೆಪಿಗೆ 18. ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ. ಕ್ರಾಂತಿರಂಗದ ಬಂಗಾರಪ್ಪನವರೇ ಮುಖ್ಯಮಂತ್ರಿ ಆಗುತ್ತಾರೆ ಎಂದು ನಮ್ಮ ಬೀದಿಯ ಜಗಲಿಗಳಲ್ಲಿ ಮಾತಿತ್ತು. ಆದದ್ದು ಆ ಚುನಾವಣೆಗೆ ನಿಲ್ಲದೇ ಇದ್ದ ಹೆಗಡೆ. ಜನವರಿ 10ಕ್ಕೆ ಪ್ರಮಾಣವಚನ. ಆಮೇಲೆ ಕನಕಪುರದಲ್ಲಿ ಉಪಚುನಾವಣೆ ಗೆದ್ದು ವಿಧಾನಸಭೆಗೆ ಬಂದರು.

ಇದೆಲ್ಲ ಈಗ ಎಲ್ಲಿ ಬೇಕಾದರೂ ಸಿಗುವ ಮಾಹಿತಿ. ಸಿಗದೇ ಇರುವುದು ಆ ಪುಟಗಳಲ್ಲಿರುವ ಅನುಮಾನ. ಬಿಜೆಪಿ ಮತ್ತು ಎಡಪಕ್ಷಗಳ ಬೆಂಬಲದ ಮೇಲೆ ನಿಂತ ಸರ್ಕಾರ ಎಷ್ಟು ದಿನ ಬಾಳುತ್ತದೆ? ಫೆಬ್ರವರಿ, ಮಾರ್ಚ್, ಏಪ್ರಿಲ್ ಉದ್ದಕ್ಕೂ ಓದುಗರ ಪತ್ರಗಳಲ್ಲಿ ಅದೇ ಮಾತು. ಹೆಗಡೆಯವರ ಬಗ್ಗೆ ಈಗ ನಾವು ಮಾತಾಡುವಾಗ ಇರುವ ಗಟ್ಟಿ ಚಿತ್ರ ಆಗ ಇರಲಿಲ್ಲ. ಮುಖ್ಯಮಂತ್ರಿಯಾಗಿ ಅವರು ಹೊಸಬರು. ಜನ ಕಾದು ನೋಡುತ್ತಿದ್ದರು. ಅಪ್ಪ ಒಂದು ಸಂಚಿಕೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ "ನೋಡೋಣ" ಎಂದಷ್ಟೇ ಬರೆದಿದ್ದಾರೆ.

ಜಾಹೀರಾತು, ಸಿನಿಮಾ ಪುಟ ಕೀಳಿಸಿದ್ದರೆ ಈ ವರ್ಷದ ಅರ್ಧ ಭಾಗ ಅರ್ಥವೇ ಆಗುತ್ತಿರಲಿಲ್ಲ. ಹೆಗಡೆ ಪ್ರಮಾಣವಚನ ತೆಗೆದುಕೊಳ್ಳುವ ಹಿಂದಿನ ದಿನ, ಜನವರಿ 9ಕ್ಕೆ, ಪಕ್ಕದ ಆಂಧ್ರದಲ್ಲಿ ಎನ್.ಟಿ. ರಾಮರಾವ್ ಮುಖ್ಯಮಂತ್ರಿಯಾದರು. ಪಕ್ಷ ಕಟ್ಟಿ ಒಂಬತ್ತೇ ತಿಂಗಳು ಆಗಿತ್ತು. ಇಲ್ಲಿ ಹಿಂದಿನ ವರ್ಷವಷ್ಟೇ ಗೋಕಾಕ್ ಚಳವಳಿಯಲ್ಲಿ ರಾಜ್‌ಕುಮಾರ್ ಊರೂರು ಸುತ್ತಿದ್ದರು. ಕನ್ನಡಕ್ಕೆ ಮೊದಲ ಸ್ಥಾನ ಬೇಕು ಎಂದು ಜನಸಾಗರ ಅವರ ಹಿಂದೆ ನಡೆದಿತ್ತು. ಹಾಗಾಗಿ ಸಿನಿಮಾ ಪುಟವೂ ರಾಜಕೀಯದ ಪುಟವೇ ಆಗಿತ್ತು. ಅಣ್ಣಾವ್ರು ಯಾವಾಗ ಎಂಬ ಪ್ರಶ್ನೆ ವಾರ ಬಿಟ್ಟು ವಾರ ಬರುತ್ತದೆ. ಅವರು ಚುನಾವಣೆಗೆ ಬರಲೇ ಇಲ್ಲ. ಆ ವರ್ಷ ಅವರಿಗೆ ಪದ್ಮಭೂಷಣ ಬಂತು, 'ಕವಿರತ್ನ ಕಾಳಿದಾಸ' ಬಂತು. ನಮ್ಮ ಮನೆಯವರೆಲ್ಲ ಎತ್ತಿನಗಾಡಿಯಲ್ಲಿ ಬಂದ ಅಜ್ಜಿಯನ್ನೂ ಕೂರಿಸಿಕೊಂಡು ಅದನ್ನು ನೋಡಿದ್ದೆವು. ಪತ್ರಿಕೆಯಲ್ಲಿ ಆ ಸಿನಿಮಾದ ಪೂರ್ತಿ ಪುಟದ ಹಿಂದುಗಡೆ ಬರಗಾಲದ ವರದಿ ಇದೆ. ಒಂದೇ ಹಾಳೆ. ಒಂದನ್ನು ಕಿತ್ತರೆ ಇನ್ನೊಂದೂ ಹೋಗುತ್ತಿತ್ತು.

ಬರಗಾಲದ ಬಗ್ಗೆ ಹೇಳಲೇಬೇಕು. 1983ನ್ನು ನೆನೆಯುವವರು ಇದನ್ನು ಮರೆತೇಬಿಡುತ್ತಾರೆ. ಅರಸೀಕೆರೆ ಮೊದಲೇ ಒಣ ಸೀಮೆ. ತೆಂಗಿನ ಮರದ ಗರಿಗಳು ಜೋತುಬಿದ್ದಿದ್ದು, ಅಮ್ಮ ಬೆಳಗಿನ ಜಾವ ಮೂರು ಗಂಟೆಗೆ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಮಾರ್ಚಿನಿಂದ ಜೂನ್‌ವರೆಗಿನ ಸಂಚಿಕೆಗಳಲ್ಲಿ ನೀರಿನ ಸುದ್ದಿಯಿಲ್ಲದ ವಾರ ಕಮ್ಮಿ. ಅಬ್ದುಲ್ ನಜೀರ್ ಸಾಬ್ ಹೆಸರು ಅಲ್ಲಿಂದಲೇ ದೊಡ್ಡದಾಗುತ್ತಾ ಹೋಗುತ್ತದೆ. ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ಅವರ ಖಾತೆ. ಹಳ್ಳಿ ಹಳ್ಳಿಗೂ ಕೊಳವೆಬಾವಿ ಕೊರೆಸಿದರು, ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. ಅಜ್ಜಿಯ ಊರಿಗೆ ಬೋರ್‌ವೆಲ್ ಬಂದಾಗ ಕೈಪಂಪಿಗೆ ಅರಿಶಿನ ಕುಂಕುಮ ಹಚ್ಚಿದ್ದರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕಾಯಿದೆ 1983ರದ್ದು. ಹೆಂಗಸರಿಗೆ ಶೇಕಡ 25 ಸ್ಥಾನ ಮೀಸಲು. ಅದರ ಚುನಾವಣೆ ನಡೆದದ್ದು ಮಾತ್ರ 1987ರಲ್ಲಿ. ಕಾಯಿದೆಯ ಸುದ್ದಿಗೆ ಪತ್ರಿಕೆ ಕೊಟ್ಟಿರುವುದು ಅರ್ಧ ಪುಟ, ಅದೂ ಅಡುಗೆ ಅಂಕಣದ ಪಕ್ಕ. ನನಗೆ ಬೇಸರವಾಯಿತು. ಆ ವರ್ಷದ ಅತಿ ದೊಡ್ಡ ಕೆಲಸ ಅದು ಎಂಬುದು ನನ್ನ ಅಭಿಪ್ರಾಯ. ಮುಂದೆ ಅಜ್ಜಿಯ ಊರಿನಲ್ಲಿ ನನ್ನ ಚಿಕ್ಕಮ್ಮ ಮಂಡಲ ಪಂಚಾಯತಿಗೆ ಗೆದ್ದದ್ದು ಆ ಅರ್ಧ ಪುಟದ ಕಾಯಿದೆಯಿಂದ.

ಇನ್ನು ಜೂನ್. ಇಲ್ಲಿಯೇ ಬೈಂಡಿಂಗಿನ ಒಂದು ತಪ್ಪು ಇರುವುದು. ವಿಶ್ವಕಪ್ ಗೆದ್ದ ಸುದ್ದಿ ಜುಲೈ 10ರ ಸಂಚಿಕೆಯಲ್ಲಿದೆ. ಯಜಮಾನರು ಅದನ್ನು ಮೊದಲ ಸಂಪುಟದಲ್ಲಿ, ಜೂನ್ 12 ಮತ್ತು ಜೂನ್ 19ರ ನಡುವೆ ಹೊಲಿದುಬಿಟ್ಟಿದ್ದಾರೆ. ಮುಖಪುಟದ ತಾರೀಕಿನ ಮೇಲೆ ಕಾಫಿ ಲೋಟದ ಕಲೆ ಇತ್ತು, ಓದಲಾಗಲಿಲ್ಲ ಎಂದರು. ಹೊಲಿಗೆ ಬಿಚ್ಚಿದರೆ ಅಕ್ಕಪಕ್ಕದ ಹಾಳೆಗಳು ಹರಿಯುತ್ತವೆ ಎಂದು ನಾನೇ ಬೇಡ ಎಂದೆ. ಹಾಗಾಗಿ ನಮ್ಮ ಸಂಪುಟದಲ್ಲಿ ಭಾರತ ಮೊದಲು ಕಪ್ ಗೆಲ್ಲುತ್ತದೆ. ಭಾರತ ಗುಂಪು ದಾಟುವುದೇ ಕಷ್ಟ ಎನ್ನುವ ಲೇಖನ ಆಮೇಲೆ ಬರುತ್ತದೆ.

ಕ್ರಿಕೆಟ್ ನೋಡದವರಿಗೂ ಆ ಪುಟಗಳನ್ನು ಓದಲು ಹೇಳುತ್ತೇನೆ. ಜೂನ್ 18ರಂದು ಜಿಂಬಾಬ್ವೆ ವಿರುದ್ಧ 17 ರನ್ನಿಗೆ ಐದು ವಿಕೆಟ್ ಬಿದ್ದಿತ್ತು. ಕಪಿಲ್ ಔಟಾಗದೆ 175 ಹೊಡೆದರು ಎನ್ನುವುದು ಎಲ್ಲರಿಗೂ ಗೊತ್ತು. ಆ ದಿನ ಕೊನೆಯವರೆಗೂ ಇನ್ನೊಂದು ತುದಿಯಲ್ಲಿ ನಿಂತವರು ನಮ್ಮ ಸೈಯದ್ ಕಿರ್ಮಾನಿ. ಅವರದ್ದು 24. ಇಬ್ಬರೂ ಸೇರಿ ಒಂಬತ್ತನೇ ವಿಕೆಟ್‌ಗೆ 126 ರನ್ ಕೂಡಿಸಿದರು, ಔಟೇ ಆಗಲಿಲ್ಲ. ಇಡೀ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದವರು ರೋಜರ್ ಬಿನ್ನಿ. ಇಬ್ಬರೂ ಕರ್ನಾಟಕದವರು. ನಮ್ಮ ಪತ್ರಿಕೆ ಇವರಿಬ್ಬರಿಗೆ ಎರಡು ಪುಟ ಕೊಟ್ಟಿದೆ. ಈಗ 83ರ ಕಥೆ ಹೇಳುವಾಗ ಈ ಎರಡು ಹೆಸರು ಕೊನೆಗೆ ಬರುತ್ತವೆ. ಅದು ಸರಿಯಲ್ಲ.

ಫೈನಲ್ ನಡೆದದ್ದು ಜೂನ್ 25, ಶನಿವಾರ, ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ. ನಾವು 183ಕ್ಕೆ ಆಲೌಟ್, ವೆಸ್ಟ್ ಇಂಡೀಸ್ 140ಕ್ಕೆ. ರೇಡಿಯೋ ಸುತ್ತ ಇಡೀ ವಠಾರ ಕೂತಿತ್ತು. ಅದೇ ದಿನ ದೆಹಲಿಯ ರಾಜ್‌ಘಾಟ್‌ನಲ್ಲಿ ಜನತಾ ಪಕ್ಷದ ಅಧ್ಯಕ್ಷ ಚಂದ್ರಶೇಖರ್ ಅವರ ಪಾದಯಾತ್ರೆ ಮುಗಿಯಿತು. ಜನವರಿ 6ಕ್ಕೆ ಕನ್ಯಾಕುಮಾರಿಯಿಂದ ಹೊರಟು 4,000 ಕಿಲೋಮೀಟರಿಗೂ ಜಾಸ್ತಿ ನಡೆದಿದ್ದರು. ತುರ್ತು ಪರಿಸ್ಥಿತಿ ಬಂದ ತಾರೀಕೂ ಅದೇ, ಜೂನ್ 25. ಕುಡಿಯುವ ನೀರಿನಂಥ ಬಡವರ ವಿಷಯ ಹಿಡಿದು ಆರು ತಿಂಗಳು ನಡೆದ ಮನುಷ್ಯ ಊರು ತಲುಪಿದ ದಿನ ದೇಶದ ಕಿವಿ ಲಾರ್ಡ್ಸ್ ಕಡೆ ಇತ್ತು. ಎರಡೂ ಸುದ್ದಿಯ ನಡುವೆ ನಮ್ಮ ಸಂಪುಟದಲ್ಲಿ ನಾಲ್ಕು ಪುಟದ ಅಂತರ. ನನಗೆ ಇದು ಗೊತ್ತೇ ಇರಲಿಲ್ಲ. ಗೊತ್ತಾದದ್ದು ಈ ಸಂಪುಟದಿಂದ.

ಎರಡನೇ ಸಂಪುಟ ಸ್ವಲ್ಪ ಭಾರ. ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಕಪಾಲಿ ಚಿತ್ರಮಂದಿರದ ಹತ್ತಿರ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. ಆ ಫೋಟೋಗಳನ್ನು ನೋಡಲಾಗದೆ ಪುಟ ತಿರುವಿದೆ. ನವೆಂಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಸಮ್ಮೇಳನ, ಎಲಿಜಬೆತ್ ರಾಣಿಯ ಪಕ್ಕ ಇಂದಿರಾ ಗಾಂಧಿ ನಗುತ್ತಾ ನಿಂತಿದ್ದಾರೆ. ಅವರಿಗಿದ್ದದ್ದು ಇನ್ನು ಒಂದು ವರ್ಷವೂ ಇಲ್ಲ. ಆ ಫೋಟೋ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತೆ.

ಇಲ್ಲೇ ಅಂಚಿನ ತಪ್ಪು. ಎರಡನೇ ಸಂಪುಟವನ್ನು ಮಷಿನ್ನಿಗೆ ಕೊಟ್ಟಾಗ ಹೊರ ಅಂಚು ಸ್ವಲ್ಪ ಜಾಸ್ತಿ ಹೋಗಿದೆ. ಆಗಸ್ಟಿನ ಮೂರು ಸಂಚಿಕೆಗಳಲ್ಲಿ ಸಾಲಿನ ಕೊನೆಯ ಅಕ್ಷರ ಕಾಣುವುದಿಲ್ಲ. ಅಪ್ಪನ ಪೆನ್ಸಿಲ್ ಬರಹವೂ ಕೆಲವು ಕಡೆ ಕತ್ತರಿಸಿ ಹೋಗಿದೆ. ಇದು ನನಗೆ ನಿಜವಾಗಿ ನೋವು ಕೊಟ್ಟಿತು. ಯಜಮಾನರಿಗೆ ತೋರಿಸಿದಾಗ ಅವರ ಮುಖ ಸಪ್ಪಗಾಯಿತು. ಕತ್ತರಿಸಲು ಹುಡುಗನ ಕೈಗೆ ಕೊಟ್ಟಿದ್ದರಂತೆ. 100 ರೂಪಾಯಿ ಕಮ್ಮಿ ತಗೊಂಡರು. ನೀವು ಹಳೇ ಪತ್ರಿಕೆ ಬೈಂಡ್ ಮಾಡಿಸುವುದಾದರೆ ಅಂಚು ಕತ್ತರಿಸಲೇಬೇಡಿ ಎಂದು ಮೊದಲೇ ಹೇಳಿ. ಅಂಚು ಏರುಪೇರಾಗಿದ್ದರೂ ಪರವಾಗಿಲ್ಲ. ಕೈಬರಹ ಇರುವ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ. ತಾರೀಕು ಅಳಿಸಿದ ಸಂಚಿಕೆಗೆ ಚೀಟಿ ಸಿಕ್ಕಿಸಿ ಕೊಡಿ. ನಾನು ಮೂರನ್ನೂ ಮಾಡಿರಲಿಲ್ಲ.

ಅಮ್ಮನ ಕಾದಂಬರಿಯನ್ನೂ ತೆಗೆದುಕೊಂಡು ಹೋಗಿದ್ದೆ, ಕ್ಯಾಲೆಂಡರ್ ಹೊದಿಕೆಯದ್ದು. ಯಜಮಾನರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಈ ಹಾಳೆಗಳನ್ನ ಬಿಚ್ಚಿ ವಾಪಸ್ ಅವುಗಳ ಜಾಗಕ್ಕೆ ಸೇರಿಸಬಹುದು. ಸಂಚಿಕೆ ಪೂರ್ತಿ ಆಗುತ್ತೆ" ಎಂದರು. ಆಮೇಲೆ ಅವರೇ ಹೇಳಿದರು: "ಆದ್ರೆ ಈ ಹೊಲಿಗೆ ಬಿಚ್ಚೋಕೆ ನಂಗೆ ಮನಸ್ಸಿಲ್ಲಮ್ಮ. ನಲವತ್ತು ವರ್ಷ ಆದ್ರೂ ಒಂದು ದಾರ ಸಡಿಲ ಆಗಿಲ್ಲ." ಹಾಗಾಗಿ ಅದು ಇದ್ದ ಹಾಗೇ ಉಳಿಯಿತು.

ಇದರಿಂದ ಒಂದು ತೊಂದರೆ ಇದೆ. ಪ್ರತಿ ವಾರದ ಧಾರಾವಾಹಿಯ ಕೊನೆಯ ಹಾಳೆಯ ಹಿಂಬದಿಯಲ್ಲಿ ಬೇರೆ ಯಾವುದೋ ಲೇಖನದ ತುದಿ ಇರುತ್ತದೆ. ಸಂಪುಟದಲ್ಲಿ ಓದುತ್ತಾ ಹೋದರೆ ಲೇಖನ ನಡುವೆ ನಿಂತುಬಿಡುತ್ತದೆ. ಉಳಿದದ್ದು ಅಮ್ಮನ ಪುಸ್ತಕದಲ್ಲಿ. ಈಗ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಓದುತ್ತೇನೆ. ದಾರದ ಹೊಲಿಗೆಯಾದ್ದರಿಂದ ಸಂಪುಟ ಕೈ ಬಿಟ್ಟರೂ ಮುಚ್ಚಿಕೊಳ್ಳುವುದಿಲ್ಲ. ಗಮ್ ಹಾಕಿಸಿದ್ದರೆ ಇದು ಆಗುತ್ತಿರಲಿಲ್ಲ.

ಅಮ್ಮನಿಗೆ ಈಗ 84. ಕಣ್ಣು ಮಂಜಾಗಿದೆ, ಓದಿ ಹೇಳಬೇಕು. ದಿನಾ ಸಂಜೆ ಧಾರಾವಾಹಿಯ ಒಂದು ಕಂತು ಓದುತ್ತೇನೆ. ಮುಂದಿನ ಸಾಲು ಅವರಿಗೆ ಮೊದಲೇ ಗೊತ್ತಿರುತ್ತದೆ. ಮೊನ್ನೆ ಮೇ ತಿಂಗಳ ಒಂದು ಕಂತು ಮುಗಿಸಿ ಹಾಳೆ ತಿರುವುತ್ತಿದ್ದೆ. ಅಮ್ಮ ಕೈ ಹಿಡಿದು ನಿಲ್ಲಿಸಿದರು.

"ಆ ಕಡೆ ಏನಿದೆ? ನಾನು ಯಾವತ್ತೂ ನೋಡಿಲ್ಲ."

ನೀರಿನ ಸಾಲಿನ ಬಗ್ಗೆ ಒಂದು ವರದಿಯ ಕೊನೆ ಇತ್ತು. ಓದಿದೆ. ಅರ್ಧಕ್ಕೆ ನಿಲ್ಲಿಸಿ, "ಶುರುವಿಂದ ಓದು" ಎಂದರು. ಎದ್ದು ಹೋಗಿ ಮೊದಲ ಸಂಪುಟ ತಂದೆ.